ಮೊದಲ ಮಾತಿನ ಕಾವಲು

ಯಾಯಾ ಒಂದು ಕಡೆ ಕೂರುವ ಹೆಂಗಸೇ ಅಲ್ಲ. ಆ ವಾರವಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗಿದ್ದಳು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ಮಡಚಿಟ್ಟ ಮಕ್ಕಳ ಬಟ್ಟೆಗಳನ್ನು ಕೊಡವಿ ಮತ್ತೆ ಮಡಚಿದಳು. ನಿದ್ದೆಹೋದ ಕೂಸು ಎದ್ದಿದೆಯೋ ಏನೋ ಅಂತ ತೊಟ್ಟಿಲಿಗೆ ಬಗ್ಗಿ ಬಗ್ಗಿ ನೋಡಿ ಕೊನೆಗೆ ತಾನೇ ಅದನ್ನು ಎಬ್ಬಿಸಿದಳು. ಹಾಲು ಕಾಯಿಸಿ, ಮಕ್ಕಳಿಗೆ ಅನ್ನ ಬೇಯಿಸುವ ಒಲೆಯಕ್ಕ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, "ಹೊಟ್ಟೇಲಿ ಏನೋ ಇಟ್ಕೊಂಡು ಹೀಗೆ ಸುತ್ತಬೇಡ ಕಣೇ ತಾಯಿ, ನನಗೆ ತಲೆ ತಿರುಗುತ್ತೆ" ಅಂದಳು.

ಯಾಯಾ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಕಾಲರ್ ಹೊಲಿಯುವವಳ ಮಗಳ ಮಾತುಗಳನ್ನು.

ಅದು ಅಂಗಿ ಹೊಲಿಯುವ ಕಾರ್ಖಾನೆ. ಮುಂದೆ ಹೊಲಿಗೆಯ ದೊಡ್ಡ ಹಾಲ್. ಸಾಲು ಸಾಲಾಗಿ ಮೆಷಿನ್ನುಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಒಬ್ಬಳು ಕಾಲರ್ ಮಾತ್ರ ಹೊಲಿಯುತ್ತಾಳೆ, ಇನ್ನೊಬ್ಬಳು ಕಫ್ ಮಾತ್ರ, ಮತ್ತೊಬ್ಬಳಿಗೆ ಜೇಬು. ಅವರು ಒಬ್ಬರನ್ನೊಬ್ಬರು ಕರೆಯುವುದೂ ಹಾಗೇ: ಕಾಲರು, ಕಫ್ಫು, ಜೇಬು. ಹಾಲಿನ ಹಿಂದೆ ರಟ್ಟಿನ ಪೆಟ್ಟಿಗೆಗಳ ರಾಶಿ ದಾಟಿದರೆ ಒಂದು ಉದ್ದನೆಯ ಕೋಣೆ. ಬಾಗಿಲ ಮೇಲೆ ಏನೋ ಭಾರಿ ಹೆಸರು ಬರೆಸಿದ್ದಾರೆ. ಓದಲು ಬರುವವರೂ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಎಲ್ಲರಿಗೂ ಅದು ಕೂಸಿನ ಕೋಣೆ. ಹೊಲಿಯುವ ಹೆಂಗಸರ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಯಾಯಾಳ ವಶ.

ಅವಳ ಹೆಸರು ಯಾಯಾ ಆದದ್ದೂ ಅಲ್ಲೇ. ಆಯಾ ಅನ್ನಲು ನಾಲಿಗೆ ಹೊರಳದ ಯಾವುದೋ ಕೂಸು ಯಾವತ್ತೋ ಯಾಯಾ ಅಂದಿತ್ತು. ಆ ಕೂಸಿಗೆ ಈಗ ಮೀಸೆ ಬಂದು, ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತಿದೆ. ಹೆಸರು ಮಾತ್ರ ಇವಳ ಮೈಗೆ ಅಂಟಿಕೊಂಡು ಉಳಿಯಿತು. ಸಂಬಳ ಕೊಡುವ ಗುಮಾಸ್ತರೂ "ಯಾಯಾ, ಹೆಬ್ಬೆಟ್ಟು ಒತ್ತು ಬಾ" ಅಂತಲೇ ಕರೆಯುವುದು.

ಆ ಕೋಣೆಯಲ್ಲಿ ನಡೆಯುತ್ತಿದ್ದ ಮಾತು ಹೊರಗಿನವರಿಗೆ ತಲೆಬುಡ ತಿಳಿಯುವಂಥದ್ದಲ್ಲ. ಕಿಟಕಿ ಅಲ್ಲಿ ಟಿಕಕಿ. ಚಪ್ಪಲಿ ಪಚ್ಚಲಿ. ಆಸ್ಪತ್ರೆಗೆ ಆಪಸ್ತ್ರೆ. ಮೊಣಕೈಗೆ ಒಬ್ಬ ಪುಟ್ಟ ಕೈಮಂಡಿ ಅನ್ನುತ್ತಿದ್ದ, ಕಾಲಿಗೆ ಮಂಡಿ ಇದ್ದಮೇಲೆ ಕೈಗೂ ಇರಬೇಡವೇ. ಜೋಮು ಹಿಡಿದ ಕಾಲನ್ನು ಎತ್ತಿಕೊಂಡು ಒಬ್ಬಳು, ಕಾಲೊಳಗೆ ಸೋಡಾ ಹಾಕಿದ್ಯಾರು ಅಂತ ಅತ್ತಳು. ಮೀಸೆಗೆ ಬಾಯಿಹುಬ್ಬು ಅಂತ ಹೆಸರಿಟ್ಟವನೂ ಅಲ್ಲಿಯವನೇ. ಸೂಪರ್‌ವೈಸರನ್ನು ಯಾರೋ ಸೊಪ್ಪುವೈಸರು ಅಂದದ್ದು ಕೋಣೆಯ ಬಾಗಿಲು ದಾಟಿ, ಹೊಲಿಗೆಯ ಸಾಲುಗಳಿಗೆಲ್ಲ ಹಬ್ಬಿತು. ಆತ ಬೆನ್ನು ತಿರುಗಿಸಿದರೆ ಸಾಕು, "ಸೊಪ್ಪು ಹೋಯ್ತಾ?" ಅಂತ ಹೆಂಗಸರು ಪಿಸುಗುಟ್ಟುತ್ತಿದ್ದರು.

ಯಾಯಾ ಯಾರ ಮಾತನ್ನೂ ತಿದ್ದಿದವಳಲ್ಲ. ಪಚ್ಚಲಿ ಕೊಡು ಅಂದರೆ ಚಪ್ಪಲಿ ಎತ್ತಿ ಕೊಡುತ್ತಿದ್ದಳು, ಅಷ್ಟೇ. ತಿದ್ದಲು ಮುಂದೆ ಮೇಷ್ಟ್ರುಗಳಿದ್ದಾರೆ, ಅವರ ಅನ್ನ ನಾನ್ಯಾಕೆ ಕಿತ್ತುಕೊಳ್ಳಲಿ ಅನ್ನುತ್ತಿದ್ದಳು.

ಆದರೆ ಅವಳದ್ದೊಂದು ಕಟ್ಟಪ್ಪಣೆಯಿತ್ತು. ಒಲೆಯಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲದ್ದು. ಕೂಸು ಮೊದಲ ಸಲ ಬಾಯಿ ಬಿಟ್ಟು ಏನಾದರೂ ಅಂದರೆ, ಅದು ಆ ಕೋಣೆಯಿಂದ ಹೊರಗೆ ಹೋಗಬಾರದು. ಮೊದಲ ಮಾತು ತಾಯಿಗೆ ಸೇರಿದ್ದು. ತಾಯಿ ತನ್ನ ಮನೆಯಲ್ಲಿ, ತನ್ನ ಕಿವಿಯಲ್ಲೇ ಅದನ್ನು ಕೇಳಬೇಕು. ಕೂಸುಗಳು ದಿನದ ಬೆಳಕೆಲ್ಲ ಕಳೆಯುವುದು ಇಲ್ಲಿ, ಮೊದಲ ಮಾತು ಹುಟ್ಟುವುದೂ ಬಹುಪಾಲು ಇಲ್ಲೇ. ಯಾಯಾ ಅದನ್ನು ಕೇಳಿ ನುಂಗಿಕೊಳ್ಳುತ್ತಿದ್ದಳು. ಸಂಜೆ ತಾಯಿ ಬಂದಾಗ, "ಇವತ್ತು ಉಣ್ಣಿಸೋವಾಗ ಸ್ವಲ್ಪ ಮುಖ ನೋಡ್ತಾ ಇರು" ಅಂತಷ್ಟೇ ಹೇಳಿ ಕಳಿಸುವುದು. ಮಾರನೇ ಬೆಳಿಗ್ಗೆ ಆ ತಾಯಿ ಓಡೋಡಿ ಬಂದು, "ಯಾಯಾ, ನಿನ್ನೆ ಅಮ್ಮ ಅಂತು" ಅಂದರೆ, ಇವಳು ಎರಡೂ ಕೆನ್ನೆಗೆ ಕೈಯಿಟ್ಟುಕೊಂಡು, "ಹೌದೇನೇ, ನಮ್ಮ ಮುಂದೆ ಮಾತ್ರ ಬಾಯಿಗೆ ಬೀಗ ನೋಡು ಕಳ್ಳಂಗೆ" ಅನ್ನುವಳು. ಒಳಗಿನಿಂದ ಒಲೆಯಕ್ಕ ಪಾತ್ರೆ ಸದ್ದು ಮಾಡಿ ನಗು ಮುಚ್ಚಿಕೊಳ್ಳುತ್ತಿದ್ದಳು. ನೀನು ನಾಟಕದ ಕಂಪನಿ ಸೇರಬೇಕಿತ್ತು, ದಾರಿ ತಪ್ಪಿ ಇಲ್ಲಿಗೆ ಬಂದೆ ಅಂತ ಅವಳ ಹಾಸ್ಯ.

ಈ ಹಟ ಸುಮ್ಮನೆ ಹುಟ್ಟಿದ್ದಲ್ಲ. ಯಾಯಾಳ ಮಗ ಚಿಕ್ಕವನಿದ್ದಾಗ ಅವಳು ಮನೆಗಳಲ್ಲಿ ಪಾತ್ರೆ ತಿಕ್ಕಲು ಹೋಗುತ್ತಿದ್ದಳು. ಮಗು ಪಕ್ಕದ ಮನೆಯವಳ ಹತ್ತಿರ. ಒಂದು ಸಂಜೆ ನಲ್ಲಿಯ ಮುಂದೆ ಕೊಡ ಇಟ್ಟು ನಿಂತಾಗ, ಸಾಲಿನಲ್ಲಿದ್ದ ಯಾರೋ, "ನಿನ್ನ ಮಗ ಹಕ್ಕಿಗೆ ಬಕ್ಕಿ ಅಂದನಂತಲ್ಲೇ" ಅಂದಳು. ಬೀದಿಗೆಲ್ಲ ಗೊತ್ತಾಗಿತ್ತು. ಹೆತ್ತವಳಿಗೆ ಸುದ್ದಿ ಬಂದದ್ದು ಎಲ್ಲರಿಗಿಂತ ಹಿಂದೆ, ಖಾಲಿ ಕೊಡದ ಜೊತೆ. ಮನೆಗೆ ಹೋಗಿ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು, ಇನ್ನೊಂದು ಸಲ ಅನ್ನೋ, ಇನ್ನೊಂದು ಸಲ ಅನ್ನೋ ಅಂತ ಗೋಗರೆದಳು. ಅವನು ಅವಳ ಮೂಗು ಹಿಡಿದು ಎಳೆದ. ಮಾತು ಆಡಲಿಲ್ಲ. ಆ ಮಗನಿಗೆ ಈಗ ತಲೆ ಬೋಳಾಗುತ್ತಿದೆ, ಯಾಯಾಳ ಗಂಟಲಿನ ಮುಳ್ಳು ಮಾತ್ರ ಹಾಗೇ ಇದೆ.

ಕಾಲರಿನ ಮಗಳನ್ನು ಎಲ್ಲರೂ ಚಿಟ್ಟು ಅನ್ನುತ್ತಿದ್ದರು. ಅವಳ ವಯಸ್ಸಿನ ಮಕ್ಕಳು ಕಥೆ ಹೇಳುವಷ್ಟು ದೊಡ್ಡವರಾದರೂ ಚಿಟ್ಟುವಿನ ಬಾಯಿ ತೆರೆಯಲಿಲ್ಲ. ಮನೆಯಲ್ಲಿ ಗಾಬರಿ. ವೈದ್ಯರು ಕಿವಿ ನೋಡಿ, ನಾಲಿಗೆ ನೋಡಿ, ಎಲ್ಲ ಸರಿಯಾಗಿದೆ, ಕಾಯಿರಿ ಅಂದಿದ್ದರು. ಕಾಯುವುದು ಯಾರ ಕೈಯಲ್ಲಾದೀತು? ಕಾಲರಿನ ಅತ್ತೆ, ಮೆಷಿನ್ನಿನ ಸದ್ದಿನಲ್ಲಿ ಮಗು ಮೂಗಿಯಾಯಿತು, ಸೊಸೆ ಮನೆಯಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ದಿನಕ್ಕೊಮ್ಮೆ ಅನ್ನದೆ ಬಿಡುತ್ತಿರಲಿಲ್ಲ. ಸಂಜೆಯಾದರೆ ಮಗುವನ್ನು ನಡುವೆ ಕೂರಿಸಿ ಪರೀಕ್ಷೆ. ಅಮ್ಮ ಅನ್ನು, ಅಜ್ಜಿ ಅನ್ನು, ಅಂದ್ರೆ ಬಿಸ್ಕತ್ತು. ಚಿಟ್ಟು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು ಬಿಸ್ಕತ್ತನ್ನೇ ನೋಡುತ್ತ ಕೂರುವುದು.

ಅದೇ ಚಿಟ್ಟು ಬೇಸಿಗೆ ಶುರುವಾದಾಗಿನಿಂದ ಕೂಸಿನ ಕೋಣೆಯಲ್ಲಿ ಮಾತಾಡುತ್ತಿತ್ತು. ಮೊದಲ ದಿನ ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರನ್ನೂ ನೋಡದೆ, "ಇಯುವೆ ಮನೆಗೆ ಹೋತು" ಅಂದಿತು. ಯಾಯಾ ಕೈಯಲ್ಲಿದ್ದ ಬಟ್ಟಲನ್ನು ಹಾಗೇ ಹಿಡಿದು ನಿಂತಳು, ಹತ್ತಿರ ಹೋಗಲಿಲ್ಲ. ಆಮೇಲೆ ಒಂದೊಂದೇ ಬಂದವು. ಬೆವರಿದರೆ ಮೈ ಅಳ್ತಿದೆ. ಕೈಗವಸಿಗೆ ಕೈಸಾಕ್ಸು. ಯಾರೂ ಕೇಳದಿದ್ದರೆ ಮಾತ್ರ ಮಾತು. ಏನಂದೆ ಅಂತ ಒಬ್ಬರು ತಿರುಗಿದರೂ ಆಮೆಯ ಹಾಗೆ ಒಳಗೆ.

ಸಂಜೆ ಯಾಯಾ ಎಂದಿನಂತೆ ಕಾಲರಿಗೆ ಮುಖ ನೋಡ್ತಾ ಇರು ಅಂದಳು. ಕಾಲರು ನೋಡಿದಳು. ಏನೂ ಆಗಲಿಲ್ಲ. ಏನೂ ಕೇಳಬೇಡ, ಸುಮ್ಮನೆ ಪಕ್ಕದಲ್ಲಿರು ಅಂದಳು. ಕಾಲರು ಕೇಳದಿದ್ದರೂ ಅತ್ತೆ ಬಿಸ್ಕತ್ತು ಹಿಡಿದು ಕೂತಿರುತ್ತಿದ್ದಳು. ಇವತ್ತು ಹೇಳೀತು, ನಾಳೆ ಹೇಳೀತು ಅಂತ ಯಾಯಾ ಬೇಸಿಗೆಯನ್ನೆಲ್ಲ ನೂಕಿದಳು.

ಹೀಗಿರುವಾಗ ಕಾಲರು ಊಟದ ಬಿಡುವಿನಲ್ಲಿ ಬಂದು, ತೊಟ್ಟಿಲ ಕಂಬಕ್ಕೆ ಒರಗಿ, ವಿಷಯ ಹೇಳಿದಳು. ಗಂಡನ ಅಕ್ಕ ಶನಿವಾರ ಬರುತ್ತಾಳೆ. ಬೇರೆ ಊರಿನಲ್ಲಿ ದೊಡ್ಡ ಮನೆ, ಮಕ್ಕಳಿಲ್ಲ. ಚಿಟ್ಟುವನ್ನು ಕರೆದುಕೊಂಡು ಹೋಗಿ ತಾನೇ ಇಟ್ಟುಕೊಳ್ಳುತ್ತಾಳಂತೆ, ಸದ್ದುಗದ್ದಲವಿಲ್ಲದ ಕಡೆ ಬೆಳೆದರೆ ಮಾತು ಬರುತ್ತದಂತೆ. ಅತ್ತೆ ಒಪ್ಪಿದ್ದಾಳೆ. ಗಂಡ ಸುಮ್ಮನಿದ್ದಾನೆ.

"ನೀನೇನಂದೆ?" ಅಂತ ಯಾಯಾ ಕೇಳಿದಳು.

"ಅಲ್ಲಿದ್ರೆ ಮಾತು ಬರುತ್ತೆ ಅಂದ್ರೆ, ಬೇಡ ಅನ್ನೋಕೆ ನಾನ್ಯಾವ ಬಾಯಲ್ಲಿ ಅನ್ಲಿ ಯಾಯಾ?"

ಕಾಲರು ಮೂಗು ಒರೆಸಿಕೊಂಡು ಮೆಷಿನ್ನಿಗೆ ಮರಳಿದ ಮೇಲೆ ಶುರುವಾದದ್ದು ಆ ಗುಡಿಸಿದ್ದನ್ನೇ ಗುಡಿಸುವ ಆಟ.

"ಹೇಳಿಬಿಡೇ," ಅಂದಳು ಒಲೆಯಕ್ಕ. "ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀಯ?"

"ಇವಳಿಗೆ ಹೇಳಿದ್ರೆ ಪಕ್ಕದಲ್ಲಿ ಕೂರೋ ಕಫ್ಫು ಸುಮ್ನಿರ್ತಾಳಾ? ಹಾಗಾದ್ರೆ ನಮ್ಮವನದ್ದೂ ಇಲ್ಲೇ ಶುರುವಾಯ್ತಾ ಅಂತಾಳೆ. ಜೇಬು ಕೇಳ್ತಾಳೆ. ದೊಡ್ಡ ಮಕ್ಕಳ ತಾಯಂದ್ರೂ ಕೂತು ಲೆಕ್ಕ ಹಾಕ್ತಾರೆ. ಅವರಿಗೆ ಅಂತ ಇದ್ದಿದ್ದು ಅದೊಂದು. ಅದನ್ನೂ ಎಂಜಲು ಮಾಡಿ ಕೈಗೆ ಕೊಡ್ಲಾ?"

ಒಲೆಯಕ್ಕ ಅಕ್ಕಿ ಆರಿಸುತ್ತ ಕೂತಳು.

ಹೇಳದೆಯೇ ಕೇಳಿಸಬೇಕು ಅಂತ ಯಾಯಾ ಒಂದು ಉಪಾಯ ಹೂಡಿದಳು. ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ ಮೇಲೆ ಚಿಟ್ಟು ಟಿಕಕಿಯ ಕೆಳಗೆ ಒಂದೇ ಕೂತು ತನ್ನಷ್ಟಕ್ಕೆ ಮಾತಾಡುವ ಹೊತ್ತು. ಆಗ ಸರಿಯಾಗಿ ಕಾಲರನ್ನು ಕರೆಸಿದಳು, ಮಗುವಿಗೆ ಮೈ ಬೆಚ್ಚಗಿದೆ ಅನ್ನುವ ನೆಪ. ಸೊಪ್ಪುವೈಸರು ಗೊಣಗಿಕೊಂಡೇ ಕಳಿಸಿದ. ಬಾಗಿಲ ಪರದೆಯ ಹಿಂದೆ ಅವಳನ್ನು ನಿಲ್ಲಿಸಿ, ಉಸಿರು ಬಿಡಬೇಡ ಅಂತ ಸನ್ನೆ ಮಾಡಿದಳು. ಒಳಗೆ ಚಿಟ್ಟು ಗುಬ್ಬಿಯೊಂದಕ್ಕೆ ನಿಧಾನವಾಗಿ ಏನೋ ವಿವರಿಸುತ್ತಿತ್ತು. ಯಾಯಾಳಿಗೆ ಒಂದೊಂದೂ ಕೇಳಿಸುತ್ತಿದೆ. ಕಾಲರಿನ ಮುಖ ಮಾತ್ರ ಖಾಲಿ.

"ಏನು ಯಾಯಾ?" ಅಂದಳು ಕಾಲರು, ಸ್ವಲ್ಪ ಜೋರಾಗಿಯೇ. "ಮೆಷಿನ್ನಿಂದ ಎದ್ದು ಬಂದಾಗ ನನಗೆ ಒಂದು ಗಳಿಗೆ ಏನೂ ಕೇಳ್ಸಲ್ಲ. ಕಿವೀಲಿ ಇನ್ನೂ ಅದೇ ಓಡ್ತಿರುತ್ತೆ."

ಗುಬ್ಬಿ ಹಾರಿತು. ಚಿಟ್ಟು ತಿರುಗಿ, ಪರದೆಯ ಕೆಳಗೆ ಅಮ್ಮನ ಕಾಲು ಕಂಡು, ತುಟಿ ಒಳಗೆಳೆದುಕೊಂಡಿತು. ಕಾಲರು ಅದರ ಹಣೆ ಮುಟ್ಟಿ ನೋಡಿ, ಮೈ ತಣ್ಣಗೇ ಇದೆಯಲ್ಲ ಅಂತ ಗೊಂದಲದಲ್ಲಿ ಹೊರಟುಹೋದಳು. ಅದು ಶುಕ್ರವಾರ.

ಶನಿವಾರ ಸಂಜೆ ಗಂಟೆ ಹೊಡೆಯಿತು. ಹೆಂಗಸರು ಮಕ್ಕಳನ್ನು ಎತ್ತಿಕೊಳ್ಳಲು ಬಂದಾಗ ಕಾರ್ಖಾನೆಯ ಗೇಟಿನ ಬಳಿ ಎತ್ತರದ ಒಬ್ಬ ಹೆಂಗಸು ನಿಂತಿದ್ದಳು, ಕೈಯಲ್ಲಿ ಚಿಟ್ಟುವಿನ ಬಟ್ಟೆಗಳ ಚೀಲ. ಕಾಲರಿನ ಗಂಡನ ಅಕ್ಕ. ಬಸ್ಸಿಗೆ ಹೊತ್ತಾಗುತ್ತದೆ ಅಂತ ಮನೆಯಿಂದ ಚೀಲ ಎತ್ತಿಕೊಂಡು ನೇರ ಇಲ್ಲಿಗೇ ಬಂದಿದ್ದಳು. ಕೆಟ್ಟ ಹೆಂಗಸಲ್ಲ. ಚೀಲದ ಬಾಯಲ್ಲಿ ಹೊಸ ಬೊಂಬೆಯೊಂದು ಇಣುಕುತ್ತಿತ್ತು. ಕಾಲರು ನೆಲಕ್ಕೆ ಮಂಡಿಯೂರಿ ಮಗಳ ಜುಟ್ಟು ಬಿಚ್ಚಿದಳು, ಕಟ್ಟಿದಳು, ಸರಿಯಾಗಲಿಲ್ಲ ಅಂತ ಮತ್ತೆ ಬಿಚ್ಚಿದಳು. ಎಷ್ಟು ಹೊತ್ತು ಅಂತ ಒಂದು ಜುಟ್ಟು ಕಟ್ಟುವುದು. ಕೊನೆಗೆ ಎದ್ದು ಮಗಳ ಕೈಯನ್ನು ಅಕ್ಕನ ಕೈಗೆ ಇಡಲು ಹೋದಳು.

ಕೋಣೆಯ ಮೆಟ್ಟಿಲ ಮೇಲೆ ನಿಂತಿದ್ದ ಯಾಯಾ, ಯಾರ ಮಗುವನ್ನೋ ಕಂಕುಳಲ್ಲಿ ಇಟ್ಟುಕೊಂಡೇ ಗೇಟಿನವರೆಗೆ ನಡೆದಳು.

"ಈ ಮಗುಗೆ ಮಾತು ಬರುತ್ತೆ," ಅಂದಳು.

ಅಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಯಾವಾಗಿನಿಂದ ಅಂತ ಕೇಳಿದಳು. ಬೇಸಿಗೆ ಶುರುವಾದಾಗಿನಿಂದ ಅಂದಳು ಯಾಯಾ. ಅಕ್ಕ ಚಿಟ್ಟುವಿನ ಮುಂದೆ ಬಗ್ಗಿ, ಹೇಳು ಪುಟ್ಟಾ, ಅತ್ತೆ ಅನ್ನು ಅಂದಳು. ಎರಡೂ ಕೈ ಬಾಯಿಗೆ ಹೋದವು.

"ನೋಡಿದ್ರಲ್ಲ," ಅಂದಳು ಅಕ್ಕ. "ಮಗೂನ ಬಿಟ್ಟಿರೋಕೆ ನಿಮಗೂ ಕಷ್ಟ, ನನಗೆ ಅರ್ಥವಾಗುತ್ತೆ. ಅದಕ್ಕೆ ಹೀಗೆಲ್ಲ ಹೇಳಬಾರದು."

"ರಾತ್ರಿಯೆಲ್ಲ ಅಜ್ಜಿ ಮೂಗಲ್ಲಿ ಬಸ್ಸು ಬಿಡುತ್ತೆ ಅಂದಿದ್ದು ಇದೇ. ನಾನೇನು ನಿಮ್ಮ ತಾಯಿ ಪಕ್ಕ ಮಲಗಿದ್ದೀನಾ?"

ಹಿಂದೆ ಯಾರೋ ಕಿಸಕ್ಕೆಂದರು. ಅಕ್ಕನ ತುಟಿಯೂ ಒಂದು ಗಳಿಗೆ ಅಲುಗಿತು. ಆ ಬಸ್ಸಿನ ಸದ್ದಿನಲ್ಲೇ ಬೆಳೆದವಳು ಅವಳು. ಆದರೂ, ಅದನ್ನು ಇವಳೇ ಹೇಳಿರಬಹುದಲ್ಲ ಅಂತ ಕಾಲರಿನ ಕಡೆ ತಿರುಗಿದಳು.

ಯಾಯಾ ಈಗ ಅಕ್ಕನನ್ನು ಬಿಟ್ಟು ಕಾಲರಿನ ಮುಖವನ್ನೇ ನೋಡಿದಳು. "ಮೊನ್ನೆ ನನ್ನ ಸೆರಗು ಹಿಡಿದು ಎಳೀತು. ಅಮ್ಮಂಗೆ ಕಣ್ಣು ಬೆವಲುತ್ತೆ, ಬೀಸಣಿಗೆ ಕೊಡು ಅಂತು. ಗೋಡೆ ಕಡೆ ತಿರುಗಿ ಬೆವಲುತ್ತೆ ಅಂತು."

ಕಾಲರಿಗೆ ನೆನಪಾಯಿತು. ಮನೆಯಲ್ಲಿ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಗ ಮಗಳು ಬಂದು ನೋಡಿದ್ದಳು. ಏನಿಲ್ಲ ಕಣೇ, ಕಣ್ಣು ಬೆವರಿದೆ ಅಂದಿದ್ದಳು ತಾನು. ಗಂಡನಿಗೂ ಗೊತ್ತಿಲ್ಲದ ಮಾತು. ಚಾಚಿದ್ದ ಕೈಯನ್ನು ಹಿಂದಕ್ಕೆಳೆದು ಮಗಳನ್ನು ಎತ್ತಿಕೊಂಡಳು. ಆಮೇಲೆ ಅವಳು ಆಡಿದ್ದು ಯಾಯಾ ಎಣಿಸಿದ ಮಾತಲ್ಲ.

"ನಿಮಗೆ ಗೊತ್ತಿತ್ತು. ನಾನು ದಿನಾ ಬಂದು ನಿಮ್ಮೆದುರಿಗೇ ಅಳ್ತಿದ್ದೆ. ನೀವು ಬಟ್ಟೆ ಮಡಚ್ತಾ ಇದ್ರಿ."

ಮೊದಲು ನಿನ್ನ ಮುಂದೆ ಆಡಲಿ ಅಂತಿದ್ದೆ ಅಂತ ಯಾಯಾ ಹೇಳಿದಳು. ಹೇಳುವಾಗಲೇ ಅದು ತನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು. ಅಷ್ಟರಲ್ಲಿ ಹಿಂದಿನಿಂದ ಕಫ್ಫು, "ಹಾಗಾದ್ರೆ ನಮ್ಮವನು ಅವತ್ತು ಮನೇಲಿ ಮೊದಲ ಸಲ ಅಮ್ಮ ಅಂದಿದ್ದು?" ಅಂತ ಕೇಳಿದಳು. ಯಾಯಾ ಕಂಕುಳಿನ ಮಗುವನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡಳು. ಅದೇ ಉತ್ತರವೆಂದು ಎಲ್ಲರಿಗೂ ತಿಳಿಯಿತು. ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮಕ್ಕಳ ಮುಖ ನೋಡಿಕೊಂಡು ಹೊರಟರು.

ಅಕ್ಕ ಯೋಚಿಸಿದಳು. ಬೊಂಬೆಯನ್ನು ತೆಗೆದು ಚಿಟ್ಟುವಿನ ಕೈಗೆ ಕೊಟ್ಟು, ಚೀಲವನ್ನು ಕಾಲರಿಗೆ ಹಿಂತಿರುಗಿಸಿದಳು. ಒಂದು ತಿಂಗಳು ಬಿಟ್ಟು ಬರುತ್ತೇನೆ, ಆಗಲೂ ನಿನ್ನ ಕಿವಿಯಲ್ಲಿ ನೀನು ಏನೂ ಕೇಳಿಲ್ಲ ಅಂದರೆ ಕರೆದುಕೊಂಡು ಹೋಗುತ್ತೇನೆ, ಬೇರೆಯವರ ಮಾತು ನನಗೆ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿ ಬಸ್ಸಿಗೆ ನಡೆದಳು.

ಸೋಮವಾರ ಬೆಳಿಗ್ಗೆ ಯಾಯಾ ಬೇಗನೆ ಬಂದು ಕೋಣೆ ತೆರೆದು ಬಾಗಿಲಲ್ಲೇ ನಿಂತಳು. ಯಾರಾದರೂ ಬರುತ್ತಾರೋ ಇಲ್ಲವೋ ಅನ್ನುವ ಪುಕುಪುಕು. ಬಂದರು, ಬರದೆ ಇನ್ನೆಲ್ಲಿಗೆ ಹೋದಾರು. ಕಫ್ಫು ಮಾತ್ರ ಮಗನನ್ನು ಸಾಮಾನಿನ ಗಂಟಿನ ಹಾಗೆ ಒಪ್ಪಿಸಿ, ಒಂದು ಮಾತೂ ಆಡದೆ ಹೋದಳು. ಹಾಗೇ ಕೆಲವು ದಿನ ನಡೆಯಿತು. ಆಮೇಲೆ ಅವಳೇ ಒಮ್ಮೆ ಬಾಗಿಲ ಹತ್ತಿರ ನಿಂತು, ಮುಂದಿನ ಮಗು ಹುಟ್ಟಿದರೆ ಅದು ಏನಂದರೂ ಆ ಗಳಿಗೆಯಲ್ಲೇ ನನಗೆ ಹೇಳಿ ಕಳಿಸಬೇಕು, ಮೆಷಿನ್ನು ನಿಲ್ಲಿಸಿ ಬರುತ್ತೇನೆ ಅಂದಳು. ಜೇಬಿನವಳ ಎರಡನೆಯದು ಎಂಟು ತಿಂಗಳ ಕೂಸು. ಅವಳು ಸಂಜೆ ಎಲ್ಲರೂ ಹೋಗುವವರೆಗೆ ಕಾದು ನಿಂತು, "ನನಗೆ ಹೇಳ್ಬೇಡಿ ಯಾಯಾ. ಹಿಂದಿನ ಹಾಗೇ ಇರ್ಲಿ. ನಾನು ಬಂದು ಹೇಳಿದಾಗ ಕೆನ್ನೆಗೆ ಕೈ ಇಟ್ಕೊಳ್ಳಿ" ಅಂದಳು. ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಅಂತ ನೆನಪಿಡುವ ಹೊಸ ತಾಪತ್ರಯ ಯಾಯಾಳ ತಲೆಗೆ ಬಿತ್ತು.

ಕಾಲರು ಯಾಯಾಳ ಜೊತೆ ಸಲಿಗೆಯಿಂದ ಇರಲಿಲ್ಲ, ಆದರೆ ಪ್ರತಿ ಊಟದ ಬಿಡುವಿನಲ್ಲೂ ಬರುತ್ತಿದ್ದಳು. ಕಿವಿಯೊಳಗೆ ಓಡುವ ಮೆಷಿನ್ನು ನಿಲ್ಲುವವರೆಗೆ ಪೆಟ್ಟಿಗೆಗಳ ಹತ್ತಿರ ಒಂದಿಷ್ಟು ಹೊತ್ತು ನಿಂತು, ಆಮೇಲೆ ಒಳಗೆ. ಮೊದಮೊದಲು ಮಗಳ ಎದುರಿಗೆ ಕೂತಳು. ಚಿಟ್ಟು ಅವಳನ್ನೇ ನೋಡಿತು, ಇವಳು ಚಿಟ್ಟುವನ್ನೇ ನೋಡಿದಳು, ಬಿಡುವು ಮುಗಿಯಿತು. ಪಕ್ಕಕ್ಕೆ ಕೂತಳು. ಅದೂ ಆಗಲಿಲ್ಲ. ತಿಂಗಳು ಸವೆಯುತ್ತ ಬಂದಿತ್ತು. ಯಾಯಾ ಒಂದು ದಿನ ಏನೂ ಹೇಳದೆ, ಒಗೆದು ಒಣಗಿಸಿದ ಬಟ್ಟೆಗಳ ರಾಶಿಯನ್ನು ತಂದು ಕಾಲರಿನ ಮುಂದೆ ಸುರಿದು, ಅವಳ ಭುಜ ಹಿಡಿದು ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದಳು. ಮಡಚು ಅಂತ ಸನ್ನೆ. ಮಗಳಿಗೆ ಈಗ ಕಾಣುವುದು ಅಮ್ಮನ ಬೆನ್ನು ಮಾತ್ರ.

ಕಾಲರು ಮಡಚಿದಳು. ಅಂದು ಏನೂ ಇಲ್ಲ. ಮಾರನೇ ದಿನವೂ ಬಂದು ಗೋಡೆಗೆ ಮುಖ ಮಾಡಿ ಮಡಚಿದಳು. ಆಚೆ ಮೂಲೆಯಲ್ಲಿ ಯಾಯಾ ಕೂಸೊಂದನ್ನು ತಟ್ಟುತ್ತ ಕೂರಲಾರದೆ ಕೂತಿದ್ದಳು. ಅಕ್ಕ ನಾಳಿದ್ದು ಬರುವವಳು. ಬಿಡುವು ಮುಗಿಯುವ ಗಂಟೆಗೆ ಇನ್ನು ಸ್ವಲ್ಪವೇ ಹೊತ್ತು. ಒಲೆಯಕ್ಕ ಒಲೆಯ ಕಡೆಯಿಂದ ಇಣುಕಿ, ಇಲ್ಲವೇ ಅಂತ ಹುಬ್ಬಿನಲ್ಲೇ ಕೇಳಿದಳು. ಯಾಯಾ ತಲೆಯಾಡಿಸಲೂ ಹೆದರಿದಳು.

ಚಿಟ್ಟು ಬೊಂಬೆಯನ್ನು ನೆಲಕ್ಕೆ ಬಿಟ್ಟು ಎದ್ದಿತು. ಪುಟುಪುಟು ನಡೆದು ಅಮ್ಮನ ಹಿಂದೆ ಬಂದು ನಿಂತು, ಬೆನ್ನನ್ನು ಬಹಳ ಹೊತ್ತು ಪರೀಕ್ಷಿಸಿತು.

"ಅಮ್ಮಾ, ಬೆನ್ನಲ್ಲಿ ದಾಯ," ಅಂದಿತು. "ತಿಗೀಲಾ?"

ಕಾಲರಿನ ಕೈ ಬಟ್ಟೆಯ ಮೇಲೆ ನಿಂತಿತು. ಯಾಯಾ ಆ ಮೂಲೆಯಿಂದ ಎರಡೂ ಕೈ ಎತ್ತಿ, ತಿರುಗಬೇಡ, ತಿರುಗಬೇಡ ಅಂತ ಬೀಸುತ್ತಿದ್ದಳು. ಗೋಡೆಗೆ ಮುಖ ಮಾಡಿದವಳಿಗೆ ಅದು ಕಾಣುವಂತಿರಲಿಲ್ಲ. ಆದರೂ ಕಾಲರು ತಿರುಗಲಿಲ್ಲ.

"ತೆಗಿಯಮ್ಮ," ಅಂದಳು, ಗೋಡೆಗೆ ಹೇಳುವ ಹಾಗೆ.

ಪುಟ್ಟ ಬೆರಳುಗಳು ಕುಪ್ಪಸದ ಮೇಲಿನ ದಾರದ ಎಳೆಯನ್ನು ಹಿಡಿದು ಎಳೆದವು. "ಇನ್ನೊಂದಿದೆ," ಅಂದಿತು ಚಿಟ್ಟು.